ದಡ ಕಾಣದ ಹಡಗು

"ಹಲೋ... ಯಾರು ಮಾತಾಡ್ತಿರೋದು?... ಹಾಂ?... ಯಾವ ಕೇದಾರ್?... ಅಯ್ಯೋ, ನೀನೇನೋ! ಇದ್ಯಾವುದು ಹೊಸ ನಂಬರು?... ಡ್ರೈವರ್ ಫೋನಾ? ನಿಂದೇನಾಯ್ತು?... ಪ್ರೊಡ್ಯೂಸರ್ ಕಾಟ ತಡೀಲಾರ್ದೆ ಸ್ವಿಚ್ ಆಫ್ ಮಾಡಿದೀಯಾ? ಸರಿಹೋಯ್ತು."

ಗೋದಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ದಿವಾನದ ಮೇಲೆ ಕಾಲು ಮಡಿಚಿ ಕುಳಿತರು. ಕೇದಾರ್ ಅವರ ತಂಗಿಯ ಮಗ. ಯಾರೂ ಕಾಣದ ನಾಡನ್ನು ಹುಡುಕುತ್ತ ಕರಾವಳಿಯಿಂದ ಹೊರಟ ಹಳೇ ಕಾಲದ ನಾವಿಕನೊಬ್ಬನ ಮೇಲೆ ಸಿನಿಮಾ ಮಾಡಿದ್ದ. ಶುಕ್ರವಾರ ಬಿಡುಗಡೆ. ನಿನ್ನೆ ಮಲ್ಲೇಶ್ವರದ ಥಿಯೇಟರಿನಲ್ಲಿ ಮನೆಯವರಿಗೆಲ್ಲ ತೋರಿಸಿದ್ದ. ಗೋದಮ್ಮ ಎಲ್ಲರ ಜೊತೆ ಚಪ್ಪಾಳೆ ತಟ್ಟಿ, "ಅದ್ಭುತ ಕಣೋ" ಎಂದು ಹೇಳಿ, ವೈಯಾಲಿಕಾವಲ್‌ನ ಮನೆಗೆ ಆಟೋ ಹತ್ತಿದ್ದರು.

"ಚೆನ್ನಾಗಿತ್ತು ಅಂತ ನಿನ್ನೇನೇ ಹೇಳಿದ್ನಲ್ಲೋ... ಸುಳ್ಳು ಯಾಕೆ ಹೇಳ್ಲಿ? ಬೆಳಗಿನ ಜಾವ ಹಾಯಿ ಬಿಚ್ತಾರಲ್ಲ, ಆ ಸಮುದ್ರಾನೇ ಕೆಂಪಾಗತ್ತಲ್ಲ, ಕಣ್ಣು ತುಂಬಿ ಬಂತು... ಹಾಂ?... ಆಮೇಲೆ?... ಆಮೇಲೂ ಸಮುದ್ರಾನೇ ಅಲ್ವಾ?"

...

"ನಿಜ ಹೇಳ್ಲಾ? ಬೇಜಾರು ಮಾಡ್ಕೋಬಾರ್ದು... ಇಂಟರ್ವಲ್‌ನಲ್ಲಿ ಕಾಫಿ ಕುಡ್ದು ಬಂದೆ, ಹಡಗು ಹೋಗ್ತಾ ಇತ್ತು. ಒಂದು ಸಣ್ಣ ನಿದ್ದೆ ತೆಗ್ದು ಎದ್ದೆ, ಹಡಗು ಇನ್ನೂ ಹೋಗ್ತಾನೇ ಇತ್ತು. ಯಾವನೋ ಕಂಬ ಹತ್ತಿ 'ದಡ! ದಡ!' ಅಂತ ಕೂಗಿದ. ಸದ್ಯ ಬಂತಲ್ಲ ಅಂತ ಕಾಲಿಗೆ ಚಪ್ಪಲಿ ಹಾಕ್ಕೊಂಡೆ. ನೋಡಿದ್ರೆ ಮೋಡ!... ನಗ್ಬೇಡ್ವೋ. ನನ್ನ ಮಂಡೀನ ಕೇಳು, ಅದು ಹೇಳತ್ತೆ."

...

"ಹಾಂ... ಹಾಂ... ಇಷ್ಟುದ್ದ ಆದ್ರೆ ಥಿಯೇಟರಿನವರು ಹಾಕಲ್ವಂತಾ? ಇವತ್ತೇ ಕಮ್ಮಿ ಮಾಡಿ ಕೊಡ್ಬೇಕಾ?... ಮತ್ತೆ ಕತ್ತರಿಸು! ಸೊಪ್ಪು ಸೋಸೋವಾಗ ಕಡ್ಡಿ ಮೇಲೆ ಮರುಕ ಪಟ್ರೆ ಸಾರಾಗತ್ತೇನೋ?... ನಿನ್ನೆ ನೋಡಿದೋರೆಲ್ಲ ಒಂದು ಫ್ರೇಮೂ ಮುಟ್ಬೇಡ ಅಂದ್ರಾ? ಅವ್ರಿಗೇನು, ಇನ್ನೊಂದ್ಸಲ ನೋಡ್ಬೇಕಾ?... ಸರಿ, ಏನು ತೆಗೀತೀಯಾ?"

ಉತ್ತರ ಕೇಳುತ್ತಿದ್ದಂತೆ ಗೋದಮ್ಮ ರೂಮಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ದೊಡ್ಡಪ್ಪನ ಸೀನಾ?... ಪೂರ್ತೀನಾ?"

ಅವರ ಯಜಮಾನರು ದೊರೆಸ್ವಾಮಿ ದಿನಾ ಬ್ಯಾಂಕಿನ ಕೆಲಸ ಮುಗಿಸಿಕೊಂಡು ನಾಟಕದ ತಾಲೀಮಿಗೆ ಓಡುತ್ತಿದ್ದವರು. ಆಯುಷ್ಯವೆಲ್ಲ ಮಂತ್ರಿ, ದೂತ, ಇಲ್ಲವೇ ಪರದೆ ಎಳೆಯುವವನು. ಈ ಸಿನಿಮಾದಲ್ಲಿ ಅವರು ನಾವಿಕನ ಮುದಿ ತಂದೆ. ಮರಳಿ ಬಾರದ ಮಗನಿಗಾಗಿ ದಡದಲ್ಲಿ ನಿಂತು, ಕಡಲಿನ ಜೊತೆ ಮಾತಾಡುತ್ತಾರೆ. ಬಹಳ ಹೊತ್ತು ಮಾತಾಡುತ್ತಾರೆ.

"ಬೇಡ್ವೋ. ಅದೇನು ಅಂಥಾ ಉದ್ದ?... ಕತ್ತರಿಸು ಅಂದೆ, ಹೌದು. ಸಮುದ್ರ ಕತ್ತರಿಸು ಅಂದಿದ್ದು ಕಣೋ, ನಿಮ್ಮ ದೊಡ್ಡಪ್ಪನ್ನಲ್ಲ!... ನಾನು ನಿದ್ದೆ ಮಾಡಿದ್ದು ಯಾವಾಗ ಅಂತ ನಿಂಗ್ಯಾಕೆ?... ಹೂಂ. ಅವಾಗ್ಲೇ."

...

"ಶುಕ್ರವಾರಕ್ಕೆ ಇವ್ರು ಚಾಮರಾಜಪೇಟೆ ನೆಂಟರನ್ನೆಲ್ಲ ಕರ್ದಿದಾರೆ. ವಾಕಿಂಗ್ ಗೆಳೆಯರಿಗೆ ಅಂತ ಒಂದು ಸಾಲೇ ಬುಕ್ ಮಾಡ್ಸಿದಾರೆ. ಹೇಗೆ ಹೇಳ್ಲೋ? ನನ್ನ ಕೈಲಾಗಲ್ಲ. ನೀನೇ..."

"ಕೊಡು ಇಲ್ಲಿ." ದೊರೆಸ್ವಾಮಿ ಬಾಗಿಲಲ್ಲಿ ನಿಂತಿದ್ದರು.

ಗೋದಮ್ಮ ಫೋನನ್ನು ಎದೆಗೆ ಒತ್ತಿಕೊಂಡರು. "ಏನಿಲ್ಲ ರೀ, ಸುಮ್ನೆ..."

"ನಿನ್ನ ಪಿಸುಮಾತು ಬೀದಿ ಕೊನೇವರೆಗೂ ಕೇಳತ್ತೆ, ಗೋದಾ."

ಅವರು ಫೋನ್ ತೆಗೆದುಕೊಂಡರು. ದನಿ ನೆಟ್ಟಗಿತ್ತು.

"ಹಲೋ, ಕೇದಾರಾ... ಅಳ್ತಿದೀಯೇನೋ? ಥೂ!... ತೆಗಿ... ತೆಗಿ ಅಂದ್ನಲ್ಲ. ನಿನ್ನೆ ನಾನೂ ನೋಡ್ದೆ. ಪರದೆ ಮೇಲೆ ನಾನು ಮಾತಾಡ್ತಾನೇ ಇದೀನಿ, ಇಲ್ಲಿ ನಿಮ್ಮ ದೊಡ್ಡಮ್ಮ ನನ್ನ ಭುಜದ ಮೇಲೆ ಗೊರಕೆ ಹೊಡೀತಿದಾಳೆ. ಇದಕ್ಕಿಂತ ದೊಡ್ಡ ವಿಮರ್ಶೆ ಬೇಕೇನೋ?"

ಗೋದಮ್ಮನ ಮುಖಕ್ಕೆ ಬಿಸಿ ಏರಿತು. ನಿನ್ನೆಯಿಂದ ಗಂಡ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ಒಂದೇ ಒಂದು ಕೇಳ್ತೀನಿ... ಮಾತೆಲ್ಲಾ ತೆಗಿ. ಕೊನೇಲಿ ಮನೆ ಕಡೆ ತಿರುಗಿ ನಡೀತೀನಲ್ಲ, ಆ ಬೆನ್ನು ಇರ್ಲಿ... ಹಾಂ, ಬೆನ್ನು ಸಾಕು. ಮುಖ ಬೇಡ... ನೀನು ಬೇಜಾರು ಮಾಡ್ಕೋಬೇಡ. ಯಾಕೆ ಬೆನ್ನು ಅಂದೆ ಗೊತ್ತಾ? ಆ ಮುದುಕ ಇನ್ನು ಕಾಯಲ್ಲ ಅಂತ ತಿರುಗಿದಾನೆ. ಆದ್ರೆ ಬೆನ್ನು ಇನ್ನೂ ಕಾಯ್ತಾ ಇದೆ. ತಡಿ, ಹೇಗೆ ಮಾಡಿದ್ದೆ ಅಂತ ಹೇಳ್ತೀನಿ..."

ಅವರು ಒಂದು ಭುಜ ಇಳಿಬಿಟ್ಟು ನಡುಮನೆಯಲ್ಲಿ ನಿಧಾನವಾಗಿ ನಡೆಯತೊಡಗಿದರು. ಅಷ್ಟರಲ್ಲಿ ಫೋನಿನಿಂದ ಟುಂಯ್ ಟುಂಯ್ ಸದ್ದು ಬಂತು. ಗೋದಮ್ಮನಿಗೆ ದಿವಾನದವರೆಗೂ ಕೇಳಿಸಿತು. ಲೈನ್ ಹೋಯ್ತು ರೀ ಎನ್ನಲು ಬಾಯಿ ತೆರೆದವರು, ಗಂಡನ ಬೆನ್ನು ನೋಡಿ ಸುಮ್ಮನಾದರು.

"...ಎಡಗಾಲು ಮರಳಲ್ಲಿ ಹೂತಿರತ್ತೆ ನೋಡು, ಅದನ್ನ ಎತ್ತಕ್ಕೇ ಮನಸ್ಸಿಲ್ಲ... ಅಲ್ವಾ?... ಕೇಳಿಸ್ತಿದೆಯೇನೋ, ಕೇದಾರಾ?..."