ನೀರು ಮುಟ್ಟದ ಜೆರ್ಸಿ

ಸಂಕೇತನ ಉತ್ತರಕ್ರಿಯೆಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮರುದಿನ ಬೆಳಿಗ್ಗೆ, ಅವನ ಹೆಂಡತಿ ದೀಪಾಲಿ ಹಬ್ಬುವಾಡದ ಸ್ಟಾಪಿಗೆ ಬಂದಳು. ಕೈಗಾ ಸ್ಥಾವರದ ಬಸ್ಸಿಗೆ ಕಾಯುತ್ತಿದ್ದ ಅವನ ಸಹೋದ್ಯೋಗಿಗಳಿಬ್ಬರು, ಅವಳು ಹಿಂದೆ ಬಂದು ನಿಂತದ್ದನ್ನು ನೋಡಲಿಲ್ಲ.

"ಇವತ್ತು ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್. ನಿನ್ನ ಲಿವರ್‌ಪೂಲ್ ಜೆರ್ಸಿ ಎಲ್ಲಿ ರೂಪೇಶ?"

"ಸೆಮಿಫೈನಲ್ಲಿಗೆ ಅಂತ ಸಂಕೇತ ಇಸ್ಕಂಡು ಹೋದ. ಹೋದವ ಹೋದ್ನೇ."

"ಎಂತಾ ಜನನಾ ಮಾರಾಯ! ಕೊಟ್ಟು ಸಾಯೂಕೆ ಆಗಲಿಲ್ವನಾ?"

"ಅವಂಗೆ ಆಟವಾದ್ರೂ ಗೊತ್ತಿತ್ತಾ? ಆಫ್‌ಸೈಡ್ ಅಂದ್ರೆ ಕ್ರಿಕೆಟ್ಟಿಂದು ಅಂದ್ಕಂಡಿದ್ದ."

"ಅವ್ರ ಮನೆಗೆ ಹೋಗಿ ಕೇಳು ಮತ್ತೆ."

"ಕೇಳಿ ಎಂತ ಮಾಡೂದು? ಕಪ್ ಬರೂತನಕ ನೀರು ಮುಟ್ಟಿಸ್ಬಾರ್ದು ಅಂತ ಇಡೀ ಸೀಸನ್ ತೊಳೀದೇ ಇಟ್ಟಿದ್ದೆ. ಆ ಮಡಿವಂತರು ಎಂದೋ ಸೋಪು ಹಾಕಿ ಕುಕ್ಕಿರ್ತಾರೆ. ಇನ್ನು ಎದುರಿನ ಮಿಲಾನ್‌ನವ್ರೇ ಗೆದ್ದಂಗೆ."

"ಗಂಡ ಸತ್ರೂ ಬಟ್ಟೆ ಬೆಳ್ಳಗಿರ್ಬೇಕು ಅವ್ರಿಗೆ!"

ಸಂಕೇತನ ಬಟ್ಟೆಗಳನ್ನೆಲ್ಲ ಅತ್ತೆ ಒಗೆದು ಯಾರ್ಯಾರಿಗೋ ಕೊಟ್ಟುಬಿಟ್ಟಿದ್ದರು. ಈ ಜೆರ್ಸಿಯೊಂದನ್ನು ಮಾತ್ರ ದೀಪಾಲಿ ದಿಂಬಿನ ಕೆಳಗೆ ಅಡಗಿಸಿಟ್ಟಿದ್ದಳು. ಅವನ ಬೆವರಿನ ವಾಸನೆ ಮನೆಯಲ್ಲಿ ಉಳಿದಿದ್ದು ಇದರಲ್ಲಿ ಮಾತ್ರ.

ಬಸ್ಸು ಬಂದು ನಿಂತಿತು. ಅವಳು ಚೀಲದಿಂದ ಕೆಂಪು ಜೆರ್ಸಿ ತೆಗೆದು ರೂಪೇಶನ ಕೈಯಲ್ಲಿಟ್ಟಳು.

"ತೊಳೆದಿಲ್ಲ," ಎಂದಳು.

ಅವರಿಬ್ಬರೂ ಬಸ್ಸು ಹತ್ತಿದರು. ದೀಪಾಲಿ ಬರಿದಾದ ಚೀಲವನ್ನು ಮಡಚಿಕೊಂಡಳು.