ಹಾಲವ್ವನ ಪಟ

ದೀಪ ಸಣ್ಣ ಮಾಡು. ಹ್ಞಾ, ಅಷ್ಟು ಸಾಕು.

ಇದು ನನ್ನ ತಂಗಿ ಮಗ ಸೇತುರಾಮನಿಗೆ ಆಗಿದ್ದು. ಅವನೊಬ್ಬನಿಗೇ ಅಂದ್ರೆ ತಪ್ಪಾಗುತ್ತೆ... ಅದರಲ್ಲಿ ನಂದೂ ಪಾಲಿದೆ.

ಮಾಗಡಿ ರೋಡಲ್ಲಿ ಮೆಟ್ರೋ ಕಂಬ ಏಳ್ತಿದ್ದ ಕಾಲ. ಸೇತು ಫೋಟೋ ತೆಗೆಯೋ ಕೆಲಸ ಮಾಡ್ಕೊಂಡು ನನ್ನ ಜೊತೆಗೇ ಇದ್ದ. ಅವತ್ತು ಗೋವಿಂದರಾಜನಗರದಲ್ಲಿ ಒಂದು ನಾಮಕರಣ ಮುಗಿಸಿ, ಬ್ಯಾಡರಹಳ್ಳಿಲಿ ಬಸ್ ಇಳಿದು ನಡ್ಕೊಂಡು ಬರ್ತಿದ್ದ. ದಾರೀಲಿ ಆಲದ ಮರ, ಅದರ ಬುಡದಲ್ಲಿ ಚಪ್ಪಡಿ ಮುಚ್ಚಿದ ಬಾವಿ. ಕತ್ತಲಾಗಿತ್ತು. ಬಾವಿ ಹತ್ರ ಬಂದ... ಹೆಗಲ ಚೀಲದೊಳಗೆ ಸದ್ದು.

ಝೀಂಯ್... ಟಿಕ್.

ಕ್ಯಾಮೆರಾ ಫೋಟೋ ಹೊಡೆಯೋ ಸದ್ದು. ದಿನಾ ಕೇಳೋದೇ. ಆದ್ರೆ ಬ್ಯಾಟರಿ ಬಿಚ್ಚಿ ಅಂಗಿ ಜೇಬಲ್ಲಿ ಹಾಕ್ಕೊಂಡಿದ್ದ. ಜೇಬು ಮುಟ್ಟಿ ನೋಡ್ಕೊಂಡ. ಬ್ಯಾಟರಿ ಅಲ್ಲೇ ಇತ್ತು.

ಮನೆ ಬಾಗಿಲಲ್ಲಿ ನಿಂತು ಏದುಸಿರು ಬಿಡ್ತಾ ಪಿಸುಗುಟ್ಟಿದ. "ದೊಡ್ಡಮ್ಮ... ಬೆಳಗ್ಗಿಂದು ಫೋಟೋ ಪೂರ್ತಿ ಬಂದಿತ್ತಾ?"



ಬೆಳಗ್ಗೆ ಏನಾಗಿತ್ತು ಅಂದ್ರೆ, ಹಿಂದಿನ ಬೀದಿ ಭರಮಪ್ಪನ ತಾಯಿ ಹಾಲವ್ವ ತೀರ್ಕೊಂಡಿದ್ರು. ಹಾವೇರಿ ಕಡೆಯವರು, ಗಾರೆ ಕೆಲಸಕ್ಕೆ ಬಂದವರು. ಅವರಲ್ಲಿ ಸತ್ತವರನ್ನ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು ಹಾರ ಹಾಕ್ತಾರೆ. ಆ ಮುದುಕಿದು ಒಂದೇ ಒಂದು ನೆಟ್ಟಗಿನ ಪಟ ಇರಲಿಲ್ಲ. ಭರಮಪ್ಪ ಸೇತು ಕೈ ಹಿಡ್ಕೊಂಡು, "ಅಣ್ಣಾ, ನಮ್ಮವ್ವನ ಮಾರಿ ಮುಂದ ನೋಡಾಕ ಇದೊಂದ ರೀ" ಅಂದಿದ್ದ.

ಇವನು ತೆಗೆದ. ಬಂದು ಸ್ನಾನ ಮಾಡ್ದ. ಕ್ಯಾಮೆರಾಕ್ಕೆ ವೈರ್ ಸಿಕ್ಕಿಸಿ ಕಂಪ್ಯೂಟರ್‌ಗೆ ಹಾಕ್ತಾ ಕೂತ. ಫೋಟೋ ಎಷ್ಟು ಬಂತು ಅಂತ ತೋರ್ಸೋ ಹಸಿರು ಪಟ್ಟಿ ಬಸವನಹುಳು ಥರ ತೆವಳ್ತಿತ್ತು. ನಾನು ಸುಮ್ನಿರಬಾರದಾ?

"ನೀನೇನೋ ಮಿಂದೆ. ಆ ಕ್ಯಾಮೆರಾ? ಸೂತಕದ್ದನ್ನ ಹಸುಗೂಸಿನ ಮುಂದೆ ಹಿಡೀತೀಯೇನೋ?"

"ಅದನ್ನೇನು ಹಂಡೇಲಿ ಅದ್ದಲಾ ದೊಡ್ಡಮ್ಮ?" ನಕ್ಕ. "ಫಾರ್ಮ್ಯಾಟ್ ಮಾಡ್ತೀನಿ. ಒಳಗಿರೋದೆಲ್ಲ ತೊಳ್ಕೊಂಡು ಹೋಗುತ್ತೆ."

"ಹಂಗಾದ್ರೆ ಮಾಡು. ಈಗಲೇ ಮಾಡು, ಹೊತ್ತಾಯ್ತು" ಅಂತ ತಲೆ ಮೇಲೆ ಕೂತೆ. ಅವನು ವೈರ್ ಎಳ್ದ. ಗುಂಡಿ ಒತ್ತಿದ. ಪಟ್ಟಿ ತುಂಬಿತ್ತೋ ಇಲ್ವೋ... ಇಬ್ಬರೂ ನೋಡಲಿಲ್ಲ.

ರಾತ್ರಿ ಕಂಪ್ಯೂಟರ್ ತೆಗೆದು ನೋಡಿದ್ರೆ ಹದಿನಾಲ್ಕರಲ್ಲಿ ಎಂಟೇ ಬಂದಿದ್ವು. ನೆಂಟರು, ಬಾಗಿಲು, ಹೂವಿನ ಬುಟ್ಟಿ. ಹಾಲವ್ವನ ಮುಖ ಒಂದರಲ್ಲೂ ಇಲ್ಲ.

"ವಾಪಸ್ ಬರಲ್ವೇನೋ?"

"ಅದರ ಮೇಲೆ ಮಗು ಫೋಟೋ ತುಂಬಿಬಿಟ್ಟಿದೀನಿ. ಇಲ್ಲ."

ಆಮೇಲೆ ನಾಮಕರಣದ್ದಾದ್ರೂ ಉಳಿಸ್ಕೊಳ್ಳೋಣ ಅಂತ ಬ್ಯಾಟರಿ ಹಾಕಿ ವೈರ್ ಸಿಕ್ಕಿಸ್ದ. ಕ್ಯಾಮೆರಾ ತೊಂಬತ್ತು ಫೋಟೋ ಅಂತು. ಕಂಪ್ಯೂಟರ್ ಪೆಟ್ಟಿಗೆ ಕರ್... ಕರ್... ಅಂತ ಅರೀತು. ಟಿಣ್.

ಕಂಪ್ಯೂಟರ್ ತೊಂಬತ್ತೊಂದು ಅಂತು.

ಕೊನೇದು ಊಟದ ಪಂಕ್ತಿ. ಕೋಸಂಬರಿ ಬಡಿಸಿದ ಎಲೆ ಮುಂದೆ ಹಳದಿ ಸೀರೆ ಉಟ್ಟು, ವಿಭೂತಿ ಬಳ್ಕೊಂಡು ಹಾಲವ್ವ ಕೂತಿದ್ರು. ಕಣ್ಣು ಬಿಟ್ಕೊಂಡು... ನೇರ ನಮ್ಮ ಕಡೆಗೇ.

"ನೀನು ತೆಗೆದಿದ್ದೇನೋ?"

ಅವನು ತಲೆ ಆಡಿಸ್ದ. ಇಲ್ಲ.

ಮೂರನೇ ದಿವಸ ಭರಮಪ್ಪ ಬಂದ. ಸೇತು ಸುತ್ತಲಿನ ಪಂಕ್ತಿ ಎಲ್ಲ ಕತ್ತರಿಸಿ, ಹಾಲವ್ವನಷ್ಟನ್ನೇ ದೊಡ್ಡದು ಮಾಡಿಸಿ ಇಟ್ಟಿದ್ದ. ಬಾಯಿಬಿಡದೆ ಕೊಟ್ಟ. ಭರಮಪ್ಪ ಅದನ್ನ ಎದೆಗೆ ಒತ್ಕೊಂಡು, "ನಿಮ್ಮ ಉಪಕಾರ ಮರಿಯಂಗಿಲ್ರಿ" ಅಂತ ನನ್ನ ಕಾಲಿಗೆ ಬಗ್ಗಿದ. ನನ್ನ ಕಾಲಿಗೆ!

ತಡಕೊಳ್ಳಕ್ಕಾಗಲಿಲ್ಲ. "ಏಳಪ್ಪಾ. ನಿಮ್ಮವ್ವನ ಪಟ ಅಳಿಸಿದ್ದು ನಾವು. ಅವನಿಗೆ ಅವಸರ ಮಾಡಿದ್ದು ನಾನು. ಇದು ಹೆಂಗೆ ಬಂತೋ ನಮಗೆ ಗೊತ್ತಿಲ್ಲ."

ಬೈತಾನೆ ಅನ್ಕೊಂಡೆ. ಬೈದಿದ್ರೆ ಚೆನ್ನಾಗಿತ್ತು. ಅವನು ಪಟ ನೋಡ್ತಾನೇ ಇದ್ದ.

"ಅಮ್ಮಾರ... ಮಣ್ಣ ಮಾಡಾಗ ನಾವು ಉಡಿಸಿದ್ದು ಹಸರ ಸೀರಿ. ಈ ಹಳದಿ ಸೀರಿ ಟ್ರಂಕಿನಾಗ ಐತ್ರಿ. ಪಟಾ ತಗಸ್ಕೊಳ್ಳೋ ದಿನಾ ಉಡತೀನಿ ಅಂತ ಇಟ್ಟಿದ್ಲು. ಕೀಲಿ ನನ್ನ ಉಡದಾರದಾಗ ಐತಿ."

ಅವನ ಹಿಂದೇನೇ ಹೋದೆ. ನನ್ನೆದುರೇ ಬೀಗ ತೆಗೆದ. ಕಿರ್ ಅಂತ ಮುಚ್ಚಳ ಎದ್ದಿತು. ಸೀರೆ ಅಲ್ಲೇ ಇತ್ತು, ಮಡಿಕೆ ಮುರೀದಂಗೆ.

ನಂಬದಿದ್ರೆ ಬಿಡು, ನಾನು ಈ ಕೈಯಲ್ಲೇ ಮುಟ್ಟಿದೀನಿ. ಸೆರಗಿನ ಅಂಚಲ್ಲಿ ಕೋಸಂಬರಿದು ಒಂದು ಹೆಸರುಬೇಳೆ ಅಂಟ್ಕೊಂಡಿತ್ತು. ಬೆರಳಲ್ಲಿ ತೆಗೆದೆ... ಇನ್ನೂ ಒದ್ದೆ ಇತ್ತು.