ಟೈಪ್ ಮಾಡಬಾರದ ಮಾತು

ಎರಡು ಸಾವಿರದ ಎರಡನೆಯ ಇಸವಿ. ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಸಂಜೆಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ ವಿಶ್ವಾರಾಧ್ಯನಿಗೆ ಪಕ್ಕದ ಸೀಟಿನ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಕಿಟಕಿಯ ಬಳಿ ಬಾಗಲಕೋಟೆ ಕಡೆಯ ಹುಡುಗಿ. ಅವಳ ತೊಡೆಯ ಮೇಲೆ ಪಕ್ಕದಲ್ಲಿ ಕೂತ ಹೆಂಗಸಿನ ಸೊಪ್ಪಿನ ಚೀಲ.

“ಅಮೆರಿಕದ ಡಾಕ್ಟ್ರು ಮಾತಾಡಿದ್ದನ್ನ ನೀನಿಲ್ಲಿ ಕೂತ್ಕಂಡು ಟೈಪ್ ಮಾಡ್ತೀಯಾ?”

“ಹೌದ್ರೀ ಅಕ್ಕಾರ. ಅವರು ರೆಕಾರ್ಡ್ ಮಾಡಿ ಕಳಿಸಿದ್ದನ್ನ ಹೆಡ್‌ಫೋನ್ ಕಿವಿಗೆ ಹಾಕ್ಕೊಂಡು ಕೇಳೂದು, ಪೇಷೆಂಟ್ ರಿಪೋರ್ಟ್ ಟೈಪ್ ಮಾಡೂದು.”

“ಮತ್ತೆ ಯಾಕೆ ಮುಖ ಹಿಂಗೆ ಮಾಡ್ಕಂಡಿದೀಯ ಮಾರಾಯ್ತಿ?”

“ಇವತ್ತ ಬೈಸ್ಕೊಂಡ್ನಿರಿ. ಡಾಕ್ಟರ್ ಕೊನೀಗೆ ‘ಥ್ಯಾಂಕ್ಯೂ, ಗುಡ್ ನೈಟ್’ ಅಂದ್ರು. ಅದನ್ನೂ ರಿಪೋರ್ಟಿನ್ಯಾಗ ಟೈಪ್ ಮಾಡಿಬಿಟ್ಟೆ.”

“ಪೇಷೆಂಟಿಗೆ ಗುಡ್ ನೈಟಾ! ಬದುಕಿದ್ನೋ ಇಲ್ವೋ!”

ಹುಡುಗಿಯೂ ನಕ್ಕಳು.

“ಇದು ಮೂರನೇ ಸಲ ರೀ. ಇನ್ನೊಮ್ಮೆ ಆದ್ರ ಕೆಲಸ ಬಿಡಿಸ್ತಾರಂತ.”

“ಕೇಳಿ ಬಿಟ್ಬಿಡು, ಅಷ್ಟೇ. ಯಾರಿಗೋ ಹೇಳಿದ್ದು ಅದು.”

“ಯಾರಿಗೋ ಅಲ್ರಿ, ಟೈಪ್ ಮಾಡೋರಿಗೆ. ನನಗ. ಈ ಕಡೆ ಬಂದು ನಾಕು ತಿಂಗಳಾತು. ದಿನಾ ನನಗಂತ ಯಾರರ ಹೇಳೂದು ಅದೊಂದ ಮಾತು. ಬಿಡಾಕ ಮನಸ್ಸ ಬರೂದಿಲ್ರಿ.”

ಮಲವಗೊಪ್ಪದ ಸ್ಟಾಪ್ ಬಂತು. ಹೆಂಗಸು ಎದ್ದು ಚೀಲ ತೆಗೆದುಕೊಂಡು ಎರಡು ಹೆಜ್ಜೆ ಹೋದವರು ತಿರುಗಿದರು.

“ಚೀಲ ಹಿಡ್ಕಂಡಿದ್ದಕ್ಕೆ ಥ್ಯಾಂಕ್ಸ್ ಕಣೇ. ಇದನ್ನೂ ಟೈಪ್ ಮಾಡ್ಬಿಟ್ಟೀಯ ಮತ್ತೆ!”

ಇಳಿದು ಹೋದರು. ಬಸ್ಸು ಹೊರಟಾಗ ವಿಶ್ವಾರಾಧ್ಯ ಖಾಲಿಯಾದ ಸೀಟಿನಲ್ಲಿ ಕೂತ. ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು. ಬರಿದಾದ ತೊಡೆಯ ಮೇಲೆ ಅವಳ ಬೆರಳುಗಳು ಮೆಲ್ಲಗೆ ಟೈಪ್ ಮಾಡುತ್ತಿದ್ದವು.